ಗುಂಪು ಬದಲಾದ ಭಾನುವಾರ

ಮೇಷ್ಟ್ರ ಫೋನು ಕೈಗೆ ಬಂದಾಗ ಬೆಚ್ಚಗಿತ್ತು. ಬಿಸಿಲಲ್ಲಿ ನಡೆದು ಬಂದಿದ್ದರು. ಅಂಗಿಯ ಜೇಬಿನಲ್ಲಿ ಎದೆಗೆ ಅಂಟಿಕೊಂಡೇ ಬಂದಿತ್ತು ಅದು. ಅವಳು ಕರವಸ್ತ್ರದಿಂದ ಅದರ ಬೆವರು ಒರೆಸಿ, ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಬೇರೆ ಫೋನುಗಳ ಪಕ್ಕಕ್ಕಿಟ್ಟಳು. ಡ್ರೈವಿಂಗ್ ಸ್ಕೂಲಿನ ಮಹಡಿಯ ಕೋಣೆ ಅದು. ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟಗಳು, ಮೂಲೆಯಲ್ಲಿ ಕಲಿಯಲು ಬಂದವರು ತಿರುಗಿಸಿ ನೋಡಲೆಂದು ಹಲಗೆಗೆ ಬಿಗಿದ ಒಂದು ಸ್ಟೀರಿಂಗ್. ಭಾನುವಾರ ಸ್ಕೂಲಿಗೆ ರಜೆ, ಹಾಗಾಗಿ ಗುಂಪಿಗೆ ಸಭೆ. ಇವತ್ತು ಭಾಷಣವಿಲ್ಲ, ಒಬ್ಬೊಬ್ಬರ ಫೋನಿಗೂ ಹೊಸ ಆ್ಯಪ್ ಹಾಕಿ, ಹಳೆಯ ಗುಂಪನ್ನು ಮುಚ್ಚಿ, ಹೊಸದನ್ನು ತೆರೆಯುವುದಷ್ಟೇ ಕೆಲಸ. ಆ ಕೆಲಸ ಅವಳದು. ಕಣ್ಣಾಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ಅವಳಿಗೆ ಪಾಸ್‌ವರ್ಡಮ್ಮ ಎಂದು ಹೆಸರು ಬಿದ್ದಿತ್ತು; ಆ ಹೆಸರು ಹೇಗೋ ಆಸ್ಪತ್ರೆಯ ಗೇಟು ದಾಟಿ ಇಲ್ಲಿಗೂ ಬಂದು ಸೇರಿತ್ತು. ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಿದ್ದರು. ಅವಳಿಗೆ ಮಾತ್ರ ಪ್ರತಿ ಸಲವೂ ಎಲ್ಲೋ ಸಣ್ಣಗೆ ಚುಚ್ಚುತ್ತಿತ್ತು.

ಬೆಳಗ್ಗೆಯಿಂದ ಹೇಳಿದ್ದನ್ನೇ ಹೇಳಿ ಗಂಟಲು ಒಣಗಿತ್ತು. ಹೊಸ ಆ್ಯಪ್‌ನಲ್ಲಿ ಬರೆದದ್ದು ವಾರ ಕಳೆದರೆ ತಾನಾಗಿ ಅಳಿಸಿಹೋಗುತ್ತದೆ, ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು ಅದು ಯಾರಿಗೂ ಒಪ್ಪಿಸುವುದಿಲ್ಲ, ಪರದೆಗೆ ಬೀಗ ಹಾಕಿ, ಹುಟ್ಟಿದ ದಿನಾಂಕವನ್ನು ಬೀಗದ ಅಂಕಿ ಮಾಡಬೇಡಿ. ಡ್ರೈವಿಂಗ್ ಸ್ಕೂಲಿನ ಯಜಮಾನರು, ದಿನಾಂಕ ಬಿಟ್ಟರೆ ತಮಗೆ ನೆನಪಿರುವ ಅಂಕಿಯೆಂದರೆ ಹೆಂಡತಿಯ ಗಾಡಿಯ ನಂಬರು ಒಂದೇ, ಅದು ಊರಿಗೆಲ್ಲ ಗೊತ್ತು ಎಂದು ನಗಿಸಿದ್ದರು. ನಿವೃತ್ತರಾಗಿದ್ದ ನರ್ಸಮ್ಮ, ಮಕ್ಕಳ ರಕ್ತದಲ್ಲಿ ಸೀಸ ಇದೆಯೆಂದು ಮೊಟ್ಟಮೊದಲು ಕಂಡುಹಿಡಿದವರು, ಬರೆದದ್ದು ಅಳಿಸಿಹೋಗುವುದಾದರೆ ಬರೆಯುವುದಾದರೂ ಯಾಕೆ ಎಂದು ವಾದಕ್ಕೇ ನಿಂತಿದ್ದರು. ಬಡಾವಣೆಯ ಅಂಚಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಒಂದು ಶೆಡ್ಡು ಇತ್ತು. ಅದರ ಹೊಗೆ ನಿಲ್ಲಿಸಬೇಕೆಂಬುದಷ್ಟೇ ಈ ಗುಂಪಿನ ಹಟ. ಆದರೆ ಪತ್ರಿಕೆಯವರನ್ನೋ ತನಿಖೆಯವರನ್ನೋ ಕರೆದುಕೊಂಡು ಹೋದಾಗಲೆಲ್ಲ ಶೆಡ್ಡಿಗೆ ಬೀಗ, ಅಂಗಳಕ್ಕೆ ನೀರು ಹಾಕಿ ತೊಳೆದಿರುತ್ತಿದ್ದರು, ಕುಲುಮೆ ತಣ್ಣಗಿರುತ್ತಿತ್ತು. ಒಮ್ಮೆಯಂತೂ ಬಾಗಿಲ ಬಳಿ ಇವರಿಗೆಂದೇ ಕುರ್ಚಿ ಹಾಕಿಸಿಟ್ಟಿದ್ದರು. ಆ ಕುರ್ಚಿಗಳ ಅವಮಾನವನ್ನು ಯಾರೂ ಮರೆತಿರಲಿಲ್ಲ. ಒಳಗಿನವರೇ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬ ಮಾತು ಆವತ್ತೇ ಎದ್ದಿತ್ತು. ಈಗ ಬುಧವಾರ ಹೊರಗಿನಿಂದ ಹೊಸ ಅಧಿಕಾರಿಯೊಬ್ಬರು ಬರುವವರಿದ್ದರು. ಅಷ್ಟರೊಳಗೆ ಎಲ್ಲರೂ ಹೊಸ ಆ್ಯಪ್‌ಗೆ ಬಂದುಬಿಡಬೇಕು, ಸಮಯವನ್ನು ಅಲ್ಲೇ ಗೊತ್ತುಮಾಡಬೇಕು ಎಂದವರು ಮೇಷ್ಟ್ರೇ.

ಅವಳು ಮೇಷ್ಟ್ರ ಫೋನಿನಲ್ಲಿ ಹಳೆಯ ಆ್ಯಪ್ ತೆರೆದಳು. ಮೊದಲು ಇದನ್ನು ಶುಚಿ ಮಾಡಿ ಆಮೇಲೆ ಹೊಸದು. ಎಲ್ಲರದ್ದನ್ನೂ ಹಾಗೇ ಮಾಡಿದ್ದಳು. ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿದ್ದರು, ಪರದೆಯ ಮೇಲೆ ಒಂದು ಸಾಲು ಹಿಡಿಯುವುದೇ ಕಷ್ಟವಾಗಿತ್ತು. ಜೋಡಿಸಿದ ಸಾಧನಗಳು ಎಂಬಲ್ಲಿ ಒತ್ತಿದಳು. ಬೇರೆಯವರ ಫೋನಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಇಲ್ಲಿ ಒಂದು ಕಂಪ್ಯೂಟರ್ ಇತ್ತು. ಕೊನೆಯದಾಗಿ ಸಕ್ರಿಯ, ಇಂದು ಬೆಳಗ್ಗೆ. ಆಸ್ಪತ್ರೆಯಲ್ಲಿ ಡಾಕ್ಟರುಗಳು ಯಾವುದೋ ಕೋಣೆಯ ಕಂಪ್ಯೂಟರಿನಲ್ಲಿ ಯಾರದೋ ಕಣ್ಣಿನ ರಿಪೋರ್ಟನ್ನು ಹಾಗೇ ತೆರೆದಿಟ್ಟು ಊಟಕ್ಕೆ ಹೋಗಿಬಿಡುತ್ತಾರೆ, ಹಾದುಹೋಗುವವರೆಲ್ಲ ಓದಬಹುದು. ಅವಳು ತನ್ನ ಕುರ್ಚಿಯಿಂದಲೇ ಅವರನ್ನು ಹೊರಹಾಕುತ್ತಾಳೆ. ದಿನಕ್ಕೆ ಎಷ್ಟು ಸಲವೋ, ಲೆಕ್ಕವಿಟ್ಟವರಿಲ್ಲ. ತಲೆ ಯೋಚಿಸುವ ಮೊದಲೇ ಕೈ ಮುಂದಾಯಿತು. ಲಾಗ್ ಔಟ್. ಖಚಿತವೇ ಎಂದು ಕೇಳಿತು. ಖಚಿತ ಎಂದಳು. ಸಾಲು ಮಾಯವಾಗಿ ಆ ಜಾಗ ಬೇರೆಯವರದ್ದರಂತೆಯೇ ಖಾಲಿಯಾಯಿತು. ಆಮೇಲೆ, ಕೆಲಸ ಮುಗಿಸಿದ ಮೇಲೆ ಆಡುವ ಮಾತಿನ ಧಾಟಿಯಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇದೆಯಾ ಸಾರ್ ಎಂದು ಕೇಳಿದಳು.

“ನಮ್ಮನೇಲಿ ಎಲ್ಲಿಂದ ಬರ್ಬೇಕಮ್ಮ,” ಎಂದರು ಮೇಷ್ಟ್ರು. “ಅದು ಝೆರಾಕ್ಸ್ ಅಂಗಡೀದಿರ್ಬೇಕು. ಈ ಕಣ್ಣಿಗೆ ಫೋನಿನ ಅಕ್ಷರ ಹಿಡಿಯಲ್ಲ. ಆ ಹುಡ್ಗ ಪಾಪ, ಅದೇನೋ ಚೌಕ ಚೌಕದ ಚಿತ್ರ ತೋರಿಸಿ ಅವನ ಕಂಪ್ಯೂಟ್ರಿಗೆ ಹಾಕ್ಕೊಂಡ. ಗುಂಪಿನಲ್ಲಿ ಬಂದಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡ್ತಾನೆ. ಒಂದೂ ಬಿಡದೆ ಓದ್ತೀನಿ ನೋಡು ನಾನು.”

ಆ ಕೊನೆಯ ಮಾತಿನಲ್ಲಿ ಹೆಮ್ಮೆಯಿತ್ತು. ಅವಳು ತಲೆಯಾಡಿಸಿದಳು. ಆ ಅಂಗಡಿ ಅವಳಿಗೂ ಗೊತ್ತು, ಮಾರುಕಟ್ಟೆಯ ತಿರುವಿನಲ್ಲಿದೆ. ಗಿರಾಕಿಗಳು ತಪ್ಪು ಒಪ್ಪು ನೋಡಿ ಹೇಳಲಿ ಎಂದು ಕಂಪ್ಯೂಟರಿನ ಮುಖವನ್ನು ಬೀದಿಯ ಕಡೆಗೇ ತಿರುಗಿಸಿಟ್ಟಿರುತ್ತಾರೆ. ಶೆಡ್ಡಿನ ಮೇಲ್ವಿಚಾರಕ, ಯಾವಾಗಲೂ ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿರುವ ಆ ಮನುಷ್ಯ, ಲಾರಿಗಳ ಬಿಲ್ಲು ಮಾಡಿಸಲು ಅಲ್ಲೇ ಸ್ಟೂಲು ಹಾಕಿಕೊಂಡು ಕೂರುವುದನ್ನು ಅವಳೇ ಎಷ್ಟೋ ಸಲ ನೋಡಿದ್ದಾಳೆ. ಒಂದು ಸಲ ಅವಳಿಗಾಗಿ ಎದ್ದು ಜಾಗವನ್ನೂ ಬಿಟ್ಟುಕೊಟ್ಟಿದ್ದ. ಯಾರೂ ಯಾರನ್ನೂ ಕೊಳ್ಳಬೇಕಾಗಿರಲಿಲ್ಲ, ಯಾರೂ ಕದ್ದು ಹೇಳಬೇಕಾಗಿರಲಿಲ್ಲ. ತಲೆಯೆತ್ತಿ ಓದಿದ್ದರೆ ಸಾಕಾಗಿತ್ತು. ಬಿಗಿದಿದ್ದ ಏನೋ ಒಂದು ಸಡಿಲವಾಗಿ, ಭುಜಗಳು ತಾವಾಗಿ ಕೆಳಗಿಳಿದವು. ಸದ್ಯ, ಎಂದುಕೊಂಡಳು. ಸದ್ಯ, ಅವಳಲ್ಲ. ಹಾಗೆಂದುಕೊಂಡ ಮೇಲೆ ಮೇಷ್ಟ್ರ ಫೋನನ್ನು ಸುಮ್ಮನೆ ಇನ್ನೊಂದು ಸಲ ಒರೆಸಿದಳು.

ಅವಳು ಎಂದರೆ ತಂಗಿ. ನಗರಸಭೆಯ ಲೈಸೆನ್ಸ್ ವಿಭಾಗದಲ್ಲಿ ಗುಮಾಸ್ತೆ. ಶೆಡ್ಡಿನ ಲೈಸೆನ್ಸು ಅವಳ ಮೇಜಿನ ಮೇಲೇ ಹಾದುಹೋಗುತ್ತಿದ್ದದ್ದು. ಈ ಗುಂಪಿಗೆ ಅವಳು ಬಂದದ್ದೂ ಅದರಿಂದಲೇ, ಅದರಲ್ಲಿ ಬರೆದದ್ದೆಲ್ಲ ಸುಳ್ಳು ಎಂದು ತಾನಾಗಿ ಬಂದು ಹೇಳಿದವಳು. ಕುರ್ಚಿ ಹಾಕಿಸಿಟ್ಟ ಘಟನೆಯಾದ ಮೇಲೆ ಅದೇ ಅವಳಿಗೆ ಮುಳುವಾಯಿತು. ಆ ಕಚೇರಿಯವರಿಗೂ ಶೆಡ್ಡಿನವರಿಗೂ ನಂಟು ಇಲ್ಲದಿರುತ್ತದೆಯೇ ಎಂದು ಒಬ್ಬರು ಎಂದರು. ಇನ್ನೊಬ್ಬರು, ಅವಳೇ ಅಂತ ಅಲ್ಲ, ಅವಳ ಪಕ್ಕದ ಮೇಜಿನವರಿರಬಹುದು ಎಂದು ಮೃದುವಾಗಿ ಎಂದರು. ಇದೇ ಕೋಣೆ, ಇದೇ ಪಟಗಳು. ತಂಗಿ ಗೋಡೆಗೊರಗಿ ನಿಂತಿದ್ದಳು, ಕುರ್ಚಿ ಖಾಲಿ ಇದ್ದರೂ ಕೂತಿರಲಿಲ್ಲ. ನಾನಲ್ಲ ಎಂದು ಒಂದೇ ಸಲ ಹೇಳಿದಳು, ಎರಡನೇ ಸಲ ಹೇಳಲಿಲ್ಲ. ಎರಡನೇ ಸಲ ಹೇಳಿದ್ದರೆ ನಂಬುತ್ತಿದ್ದರೇನೋ. ಕೊನೆಗೆ ಮೇಷ್ಟ್ರು, ಯಾರ ಮೇಲೂ ಆರೋಪವಿಲ್ಲ, ಸದ್ಯಕ್ಕೆ ಹೊರಗಿರಲಿ, ಅವಳಿಗೂ ಅದೇ ಒಳ್ಳೆಯದು ಎಂದು ತೀರ್ಪು ಕೊಟ್ಟರು. ಆಗ ಎಲ್ಲರೂ ಅಕ್ಕನ ಕಡೆ ತಿರುಗಿದರು, ಯಾಕೆಂದರೆ ಗುಂಪಿನ ಅಡ್ಮಿನ್ ಅವಳು. ತಂಗಿಯೂ ತಿರುಗಿದಳು. ಬೇರೆ ಯಾರೋ ಒತ್ತುವುದಕ್ಕಿಂತ ನಾನೇ ಒತ್ತುವುದು ವಾಸಿ, ಅವಳಿಗೆ ಅಷ್ಟು ನೋವಾಗಲಿಕ್ಕಿಲ್ಲ ಎಂದು ತನಗೆ ತಾನೇ ಏನೇನೋ ಹೇಳಿಕೊಂಡು ಅಕ್ಕ ಒತ್ತಿದ್ದಳು. ತಂಗಿಯ ನಂಬರನ್ನು ಅವಳು ತಂಗಿ ಎಂದೇ ಬರೆದಿಟ್ಟುಕೊಂಡಿದ್ದಳು. ಹಾಗಾಗಿ ಪರದೆಯ ನಡುವೆ ಬೂದು ಬಣ್ಣದಲ್ಲಿ, ನೀವು ತಂಗಿ ಅವರನ್ನು ತೆಗೆದುಹಾಕಿದ್ದೀರಿ ಎಂದು ಬಂತು. ತಂಗಿ ಮೆಟ್ಟಿಲಿಳಿದು ಹೋದಳು. ಮುಂದಿನ ವಿಷಯ, ಮಣ್ಣಿನ ಪರೀಕ್ಷೆ, ಎಂದರು ಯಾರೋ.

ಅಲ್ಲಿಂದಾಚೆಗೆ ಅವರಿಬ್ಬರ ನಡುವೆ ಅಮ್ಮನ ಔಷಧಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅಮ್ಮ ತಂಗಿಯ ಮನೆಯಲ್ಲಿದ್ದಾಳೆ. ವಾರಕ್ಕೊಮ್ಮೆ ಅಕ್ಕ ಹೋದರೆ ತಂಗಿ ಬಾಗಿಲು ತೆಗೆಯುತ್ತಾಳೆ, ಚಹಾ ಕೊಡುತ್ತಾಳೆ, ಆಮೇಲೆ ಅಡುಗೆಮನೆಯಲ್ಲಿ ಅವಳಿಗೆ ಮುಗಿಯದ ಕೆಲಸ. ಜಗಳವಾಡಿದ್ದರೆ ರಾಜಿಯೂ ಆಗುತ್ತಿತ್ತು. ಅಮ್ಮ ಇಬ್ಬರ ಮುಖವನ್ನೂ ನೋಡಿ, ನಿಮ್ಮಿಬ್ಬರಿಗೆ ಏನು ಬಡಿದಿದೆ ಎಂದು ಕೇಳಿದರೆ ಇಬ್ಬರೂ ಒಟ್ಟಿಗೇ ಏನೂ ಇಲ್ಲ ಎನ್ನುತ್ತಾರೆ. ಚಿಕ್ಕಂದಿನಲ್ಲೂ ಹಾಗೇ ಇತ್ತು, ಆದರೆ ಆಗ ಇಬ್ಬರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದರು. ಮುಚ್ಚಿಡುವುದೆಂದರೆ ಈಗ, ಇಲ್ಲಿ, ತನ್ನೆದುರು ಕೂತು ತಾಳ್ಮೆಯಿಂದ ಕಾಯುತ್ತಿರುವ ಈ ಮನುಷ್ಯನ ವಿಷಯ ಎಂದು ಅವಳಿಗೆ ಥಟ್ಟನೆ ಎಚ್ಚರವಾಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಿದ್ದರು. ಅವರಿಲ್ಲದೆ ಈ ಗುಂಪಿಲ್ಲ. ನರ್ಸಮ್ಮನಿಗೂ ಯಜಮಾನರಿಗೂ ಹಾವು ಮುಂಗುಸಿಯ ವೈರ. ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಬಲ್ಲವರು ಇವರೊಬ್ಬರೇ. ಬುಧವಾರ ಇವರು ಮುಂದೆ ನಿಲ್ಲದಿದ್ದರೆ ಹಿಂದೆ ಯಾರೂ ನಿಲ್ಲುವುದಿಲ್ಲ. ಮತ್ತೆ ಸಾಕ್ಷಿ ಎಲ್ಲಿದೆ? ಇದ್ದ ಒಂದು ಸಾಲನ್ನು ತಾನೇ ಅಳಿಸಿಯಾಗಿದೆ. ತಂಗಿಯನ್ನು ಉಳಿಸಲು ಮುದುಕನ ಕಣ್ಣಿನ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎನ್ನುತ್ತಾರೆ. ಹೇಗೂ ಸೋರುವುದು ನಿಂತಾಯಿತಲ್ಲ. ಆಸ್ಪತ್ರೆಯಲ್ಲಿ ಅವಳು ಯಾವ ಡಾಕ್ಟರನ ಹೆಸರನ್ನೂ ಮೇಲಿನವರಿಗೆ ಹೇಳಿದವಳಲ್ಲ. ಹೊರಹಾಕುವುದು, ಸುಮ್ಮನಿರುವುದು, ಅದೇ ಅವಳ ಒಳ್ಳೆಯ ಹೆಸರು. ಸುಮ್ಮನಿದ್ದರೆ ಇವತ್ತೂ ಎಲ್ಲರೂ ಅವಳನ್ನು ಹೊಗಳಿಯೇ ಮನೆಗೆ ಹೋಗುತ್ತಾರೆ.

ಮೇಷ್ಟ್ರ ಫೋನಿಗೆ ಹೊಸ ಆ್ಯಪ್ ಇಳಿಯುತ್ತಿತ್ತು. ಅವಳು ಇನ್ನೊಬ್ಬರ ಫೋನು ಎತ್ತಿಕೊಂಡಳು, ಕೆಳಗಿಟ್ಟಳು. ಯಜಮಾನರು ಚಹಾ ತರಿಸಿದರು. ಗೋಡೆಯ ಮೇಲಿನ ಪಟಗಳಲ್ಲಿ ಒಂದನ್ನು, ಮುಂದೆ ದಾರಿ ಕಿರಿದಾಗಿದೆ ಎನ್ನುವುದನ್ನೋ ಏನೋ, ಸುಮ್ಮನೆ ನೋಡುತ್ತ ಕೂತಳು. ತಂಗಿ ಆವತ್ತು ನಿಂತಿದ್ದ ಜಾಗದಲ್ಲಿ ಈಗ ಯಾರದೋ ಛತ್ರಿ ಒರಗಿತ್ತು. ಸಾಯಂಕಾಲ ತಾನು ಹೋಗುತ್ತೇನೆ, ತಂಗಿ ಬಾಗಿಲು ತೆಗೆಯುತ್ತಾಳೆ, ತನಗೆ ಎಲ್ಲ ಗೊತ್ತಿದ್ದೂ ಅವಳ ಕೈಯಿಂದ ಚಹಾದ ಲೋಟ ತೆಗೆದುಕೊಳ್ಳುತ್ತೇನೆ. ಅದನ್ನು ಕಣ್ಣ ಮುಂದೆ ತಂದುಕೊಂಡದ್ದೇ ಅವಳಿಗೆ ತನ್ನ ಮೇಲೆ ಎಂಥದೋ ಹೇಸಿಗೆ ಬಂತು. ಎದ್ದು ನಿಂತಳು. ಎಲ್ಲರಿಗೂ ಒಂದು ವಿಷಯ ಹೇಳುವುದಿದೆ ಎಂದಾಗ, ಮತ್ತೆ ಪಾಸ್‌ವರ್ಡ್ ಪಾಠವೇ ಎಂದು ಯಜಮಾನರು ಹುಸಿನಗೆ ನಕ್ಕರು.

ಅವಳು ಹೇಳಿದಳು. ಏನು ಕಂಡೆ, ಏನು ಅಳಿಸಿದೆ, ಆ ಅಂಗಡಿಯಲ್ಲಿ ಯಾರು ಕೂರುತ್ತಾರೆ, ಎಲ್ಲವನ್ನೂ ಆಸ್ಪತ್ರೆಯ ಹೊಸಬರಿಗೆ ಹೇಳಿಕೊಡುವ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು. ಮೇಷ್ಟ್ರ ಹೆಸರಿಲ್ಲದೆ ಹೇಳಲು ನೋಡಿದಳು, ಆಗಲಿಲ್ಲ. ಮುಗಿಸಿದಾಗ ಯಜಮಾನರು ಏನೋ ಕೇಳಲು ಬಾಯಿ ತೆರೆದರು. ಸಾಕ್ಷಿಯ ಮಾತೇ ಇರಬೇಕು ಎಂದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಹಾಕಿಕೊಂಡರು, ಎಲ್ಲರನ್ನೂ ಒಂದು ಸುತ್ತು ನೋಡಿದರು.

“ಹಾಗಾದ್ರೆ ನನ್ನಿಂದ್ಲೇ,” ಎಂದರು. “ಎಲ್ಲಾ ಸಲವೂ ನಾನು ಪ್ರಿಂಟ್ ತೆಗೆಸಿದ್ದೀನಿ.”

ಅವರ ಮುಖ ಒಮ್ಮೆಲೇ ಸಪ್ಪಗಾಗಿ, ಕೆನ್ನೆಗಳು ಇಳಿಬಿದ್ದು, ಅವರ ನಿಜವಾದ ವಯಸ್ಸು ಹೊರಗೆ ಬಂದಂತಿತ್ತು. ನರ್ಸಮ್ಮ ಥಟ್ಟನೆ ಎದ್ದು ನೀರು ತಂದುಕೊಟ್ಟರು, ನಾಡಿ ಹಿಡಿದು ನೋಡಿದರು. ಯಜಮಾನರು ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟರು. ಕಣ್ಣು ಕಾಣದಿದ್ದರೆ ಮನುಷ್ಯ ಏನು ಮಾಡಬೇಕು, ನಿಮ್ಮಷ್ಟು ಶ್ರದ್ಧೆಯಿಂದ ನಾವ್ಯಾರೂ ಓದಲೇ ಇಲ್ಲವಲ್ಲ, ತಪ್ಪು ನಮ್ಮದೇ, ದಪ್ಪ ಅಕ್ಷರದಲ್ಲಿ ನಾವೇ ಬರೆದುಕೊಡಬೇಕಿತ್ತು. ಒಬ್ಬರಾದ ಮೇಲೊಬ್ಬರು ಹೀಗೇ. ಯಾರೋ ಒಂದು ಹಾಸ್ಯ ಮಾಡಿದರು, ಶೆಡ್ಡಿನವರಿಗೆ ಓದು ಕಲಿಸಿದ್ದೂ ಮೇಷ್ಟ್ರೇ ಇರಬೇಕು ಎಂದು. ಮೇಷ್ಟ್ರು ಕೂಡ ಒದ್ದೆ ಕಣ್ಣಿನಲ್ಲೇ ನಕ್ಕರು. ಚಹಾ ಆರುವ ಮೊದಲೇ ಎಲ್ಲ ಮುಗಿದಿತ್ತು. ಅವಳು ನಿಂತೇ ಇದ್ದಳು. ಕ್ಷಮಿಸುವುದು ಇಷ್ಟು ಸಲೀಸು ಎಂದು ಅವಳಿಗೆ ಗೊತ್ತಿರಲಿಲ್ಲ. ಆವತ್ತು ಈ ಕೋಣೆಯಲ್ಲಿ ಇಷ್ಟೇ ಜನ ಇದ್ದರು, ಇದೇ ಜಗ್ಗಿನಲ್ಲಿ ನೀರಿತ್ತು. ಮೇಷ್ಟ್ರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಉಳಿದವರ ಮೇಲೆ ಬಂದದ್ದು ತನ್ನವರೆಗೂ ಬಂದು ಅಲ್ಲೇ ನಿಂತಿತು.

“ನಿನ್ ತಂಗೀನೂ ಸೇರ್ಸಿಬಿಡು ಕಣೇ ಹೊಸ ಗುಂಪಿಗೆ,” ಎಂದರು ನರ್ಸಮ್ಮ, ಲೋಟಗಳನ್ನು ಒಟ್ಟುಮಾಡುತ್ತ. “ಒಂದು ಒತ್ತಿದ್ರೆ ಆಯ್ತಲ್ಲ.”

ಮೆಟ್ಟಿಲ ಬಳಿ ಮೇಷ್ಟ್ರು ಅವಳನ್ನು ತಡೆದರು. ತಂಗಿಯ ಮನೆಗೆ ತಾನೂ ಬರುತ್ತೇನೆ ಎಂದರು. ಆಮೇಲೆ, ಬಂದು ಏನು ಹೇಳಬೇಕು ಎಂದು ಅವಳನ್ನೇ ಕೇಳಿದರು, ಪಾಠ ಬಾರದ ಹುಡುಗನ ಹಾಗೆ. ಇವತ್ತು ಬೇಡ ಸಾರ್, ಮೊದಲು ನಾನು ಹೋಗಿಬರುತ್ತೇನೆ ಎಂದಳು. ಒಬ್ಬಳೇ ಹೋಗುವುದು ಅವಳಿಗೆ ಬೇಕಾಗಿತ್ತು. ದಾರಿಯಲ್ಲಿ ಹೆಜ್ಜೆ ತಾನಾಗಿ ಚುರುಕಾಯಿತು. ಝೆರಾಕ್ಸ್ ಅಂಗಡಿಯ ಬಾಗಿಲು ಎಳೆದಿತ್ತು. ಶೆಡ್ಡಿನ ಕಡೆಯಿಂದ ಗಾಳಿ ಬೀಸಿ, ನಾಣ್ಯ ಬಾಯಲ್ಲಿಟ್ಟುಕೊಂಡಂಥ ಆ ರುಚಿ ನಾಲಿಗೆಗೆ ಬಂತು. ಇದ್ದಕ್ಕಿದ್ದಂತೆ ಅವಳು ತಾನು ಸಿಹಿಸುದ್ದಿ ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬಂತೆ ನಡೆಯುತ್ತಿರುವುದನ್ನು ಕಂಡುಕೊಂಡಳು. ಯಾಕಾಗಬಾರದು ಎಂದುಕೊಂಡಳು. ಇಷ್ಟು ದಿನದ ಮೇಲೆ ತಂಗಿಯ ಎದುರು ಕೈ ಬೀಸಿಕೊಂಡು ಹೋಗದೆ, ಏನನ್ನೋ ಹಿಡಿದುಕೊಂಡು ಹೋಗುತ್ತಿದ್ದಾಳೆ. ಎಲ್ಲರ ಎದುರು ಎದ್ದು ನಿಂತು ಮಾತಾಡಿದ್ದಾಳೆ. ಅದೇನು ಸಣ್ಣದೇ?

ಅಮ್ಮ ಮಲಗಿದ್ದಳು. ತಂಗಿ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಹಾರಿಬಂದ ಮಸಿಯನ್ನು ಕೊಡವಿ ಕೊಡವಿ ಒಂದೊಂದನ್ನೇ ಬುಟ್ಟಿಗೆ ಹಾಕುತ್ತಿದ್ದಳು. ಅಕ್ಕ ಮೇಲೆ ಬಂದದ್ದಕ್ಕೆ ಆಶ್ಚರ್ಯ ತೋರಿಸಲಿಲ್ಲ. ಅಕ್ಕ ನಿಂತಲ್ಲೇ ಶುರುಮಾಡಿದಳು. ಮೊದಮೊದಲು ಉಸಿರು ಸಾಲಲಿಲ್ಲ, ಆಮೇಲೆ ಮಾತು ಹರಿಯಿತು. ಒಂದು ಫೋನನ್ನು ಕಂಪ್ಯೂಟರಿಗೆ ಹೇಗೆ ಜೋಡಿಸುತ್ತಾರೆ, ಒಮ್ಮೆ ಜೋಡಿಸಿದರೆ ಹೇಗೆ ಹಾಗೇ ಉಳಿದುಬಿಡುತ್ತದೆ, ಮೇಷ್ಟ್ರಿಗೆ ಅದು ಹೇಗೆ ಗೊತ್ತಾಗಲಿಲ್ಲ, ತಾನು ಹೇಗೆ ಗಡಿಬಿಡಿಯಲ್ಲಿ ಅಳಿಸಿಬಿಟ್ಟೆ, ಆದರೂ ಹೇಗೆ ಹೇಳಿದೆ, ಎಲ್ಲರೂ ಹೇಗೆ ಒಪ್ಪಿಕೊಂಡರು. ನರ್ಸಮ್ಮ ಹೇಳಿಕಳಿಸಿದ್ದನ್ನೂ ಹೇಳಿದಳು. ತಂಗಿ ಒಂದು ದಿಂಬಿನ ಚೀಲವನ್ನು ಮಡಿಸಿ, ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ, ಮತ್ತೆ ಮಡಿಸಿದಳು.

“ಸೇರ್ಸು,” ಎಂದಳು ಆಮೇಲೆ. “ಬುಧವಾರ ನಾನೂ ಬರ್ತೀನಿ. ಲೈಸೆನ್ಸಲ್ಲಿ ಯಾವ್ದು ಸುಳ್ಳು ಅಂತ ಅಲ್ಲಿ ಹೇಳೋರು ಬೇಕಲ್ಲ.”

ಅಷ್ಟೇ. ಅಕ್ಕ ಇನ್ನೂ ಏನನ್ನೋ ಕಾಯುತ್ತಿದ್ದಳು. ತಂಗಿ ಅಳಬಹುದು, ಬೈಯಬಹುದು, ಮೇಷ್ಟ್ರನ್ನು ನಾಲ್ಕು ಮಾತು ಅನ್ನಬಹುದು ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯ ಹಗ್ಗ ಇಬ್ಬರ ನಡುವೆ ಎದೆಯ ಮಟ್ಟಕ್ಕೆ ಹಾದುಹೋಗಿತ್ತು. ಅವಳು ಅದನ್ನು ಎತ್ತಿ ಬಗ್ಗಿ ಆಚೆ ಕಡೆಗೆ ಹೋದಳು, ತಂಗಿಯ ತೋಳು ಮುಟ್ಟಿದಳು. ಅಕ್ಕನ ಕಣ್ಣು ತುಂಬಿ ಬಂದಿತ್ತು, ಅದು ನಿಜವಾಗಿಯೇ ತುಂಬಿ ಬಂದಿತ್ತು.

“ಅಂತೂ ನೀನಲ್ಲ ಅಂತ ಗೊತ್ತಾಯ್ತಲ್ಲ ಕಣೇ,” ಎಂದಳು. “ನಂಗೆ ಅಷ್ಟೇ ಸಾಕು.”

ತಂಗಿ ಅವಳ ಕೈಯನ್ನು ಕೊಡವಲಿಲ್ಲ. ಅದು ತೋಳಿನ ಮೇಲೆ ಇದೆಯೆಂಬುದೇ ಗಮನಕ್ಕೆ ಬಾರದವಳಂತೆ ಹಗ್ಗದ ಕೊನೆಯ ಬಟ್ಟೆಯನ್ನು ತೆಗೆದು ಬುಟ್ಟಿಗೆ ಹಾಕಿದಳು.

“ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಅಕ್ಕ,” ಎಂದಳು. “ನಿಂಗೆ ಇವತ್ತು ಗೊತ್ತಾಯ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಕಚೇರಿಯ ಕಿಟಕಿಯಲ್ಲಿ ಯಾರಿಗೋ ತಾರೀಖು ಹೇಳುವಂತೆ ಹೇಳಿದ್ದಳು. ಅಕ್ಕ ತೋಳಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕೆಳಗೆ ಅಮ್ಮನಿಗೆ ಎಚ್ಚರವಾಗಿ, ಮೇಲೆ ಯಾರೇ ಅದು ಎಂದು ಕೂಗಿದಳು. ಅಕ್ಕ ಬಂದಿದ್ದಾಳೆ ಎಂದು ತಂಗಿ ಹೇಳಿ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಚಹಾ ಇಡಲು ಕೆಳಗಿಳಿದಳು.